ಪಹಣಿಗೆ ಬೆರಳಚ್ಚಿನ ಬೀಗ, ವೆಬ್‌ಸೈಟಿಗೆ ಹೆಡರ್ ಬೀಗ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿ ಅಂದರೆ ಮೊದಲು ನೆನಪಾಗುವುದು ಎಸ್.ಎಂ. ಕೃಷ್ಣ. ಅವರ ಹೆಸರಿನ ಮೊದಲ ಅಕ್ಷರವೇ ಈ ಊರು. 2024ರ ಡಿಸೆಂಬರ್‌ನಲ್ಲಿ ಅವರ ಅಂತ್ಯಕ್ರಿಯೆ ನಡೆದದ್ದೂ ಇಲ್ಲೇ. 1999ರಿಂದ 2004ರವರೆಗೆ ಅವರು ಮುಖ್ಯಮಂತ್ರಿ ಆಗಿದ್ದಾಗ ಹಳ್ಳಿಯವರನ್ನು ನೇರವಾಗಿ ಮುಟ್ಟಿದ ಕಂಪ್ಯೂಟರ್ ಕೆಲಸ ಎಂದರೆ 'ಭೂಮಿ' ಯೋಜನೆ.

ಅದಕ್ಕೂ ಮೊದಲು ಪಹಣಿ ಕೈಬರಹದಲ್ಲಿತ್ತು. ಪುಸ್ತಕ ಮೊದಲು ಶಾನುಭೋಗರ ಬಳಿ, ಆಮೇಲೆ ಗ್ರಾಮ ಲೆಕ್ಕಿಗರ ಬಳಿ. ಒಂದು ಗೆರೆ ಎಳೆದರೆ ಜಮೀನಿನ ಹೆಸರೇ ಬದಲು. 'ಭೂಮಿ'ಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಸಿಗುತ್ತಿತ್ತು. ಕಿಟಕಿ ಎಲ್ಲರಿಗೂ ತೆರೆದಿತ್ತು. ಆದರೆ ದಾಖಲೆ ತಿದ್ದುವ ಒಳಬಾಗಿಲಿಗೆ ಬರೀ ಪಾಸ್‌ವರ್ಡ್ ಸಾಲದೆಂದು ಸಿಬ್ಬಂದಿಯ ಬೆರಳಚ್ಚನ್ನೇ ಬೀಗ ಮಾಡಿದರು.

ವೆಬ್‌ಸೈಟಿಗೂ ಹೀಗೇ ಎರಡು ಬಾಗಿಲು. ನೀವು ಓದುವ ಪುಟ ಕಿಟಕಿ. ನಾವು ಸುದ್ದಿ ಹಾಕುವ, ತಿದ್ದುವ, ಅಳಿಸುವ ಅಡ್ಮಿನ್ ಪುಟ ಒಳಬಾಗಿಲು. ನಮ್ಮಂಥ ಸುದ್ದಿಯವರು, ಶಾಲೆಗಳು, ಸಂಘಗಳು ಹೆಚ್ಚಾಗಿ ಬಳಸುವ ವರ್ಡ್‌ಪ್ರೆಸ್ ಶುರುವಾದದ್ದು 2003ರಲ್ಲಿ. ಬಹಳ ವರ್ಷ ಅದರ ಒಳಬಾಗಿಲಿಗೆ ಪಾಸ್‌ವರ್ಡ್ ಒಂದೇ ಮುಖ್ಯ ಕಾವಲು.

2008ರಲ್ಲಿ ರಾಬರ್ಟ್ ಹ್ಯಾನ್ಸೆನ್ ಮತ್ತು ಜೆರೆಮಿಯಾ ಗ್ರಾಸ್‌ಮನ್ ಎಂಬ ಅಮೆರಿಕದ ಇಬ್ಬರು ತಜ್ಞರು ಒಂದು ಮೋಸವನ್ನು ಜಗತ್ತಿನ ಗಮನಕ್ಕೆ ತಂದರು. ಅದಕ್ಕೆ ಕ್ಲಿಕ್‌ಜಾಕಿಂಗ್ ಎಂದು ಹೆಸರಿಟ್ಟರು. ಹಿಂದೆ ಖಾಲಿ ಹಾಳೆ ತೋರಿಸಿ, ಕೆಳಗೆ ಕಾರ್ಬನ್ನು ಇಟ್ಟು, ಕ್ರಯಪತ್ರಕ್ಕೆ ಸಹಿ ಇಳಿಸಿಕೊಂಡ ಕಥೆಗಳನ್ನು ಕೇಳಿದ್ದೇವಲ್ಲ, ಹಾಗೆಯೇ ಇದು. ಕಳ್ಳನ ಪುಟದ ಮೇಲೆ ನಮ್ಮ ಅಡ್ಮಿನ್ ಪುಟ ಕಣ್ಣಿಗೆ ಕಾಣದಂತೆ ಹರಡಿರುತ್ತದೆ. 'ಬಹುಮಾನ ನೋಡಿ' ಎಂಬ ಗುಂಡಿ ಒತ್ತುತ್ತೇವೆ. ನಿಜವಾಗಿ ಒತ್ತಿದ್ದು ನಮ್ಮದೇ 'ಅಳಿಸು' ಗುಂಡಿ. ಪಾಸ್‌ವರ್ಡ್ ಕದಿಯಬೇಕಾಗಿಯೇ ಇಲ್ಲ, ನಾವು ಮೊದಲೇ ಒಳಗೆ ಇರುತ್ತೇವೆ.

2009ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ ಇದಕ್ಕೊಂದು ಬೀಗ ತಂದಿತು: ಎಕ್ಸ್-ಫ್ರೇಮ್-ಆಪ್ಷನ್ಸ್ ಹೆಡರ್. ಹೆಡರ್ ಎಂದರೆ ಪುಟಕ್ಕಿಂತ ಮುಂಚೆ ಸರ್ವರ್ ಬ್ರೌಸರಿಗೆ ಕಳಿಸುವ ಚೀಟಿ. 'ಈ ಪುಟವನ್ನು ಬೇರೆಯವರ ಪುಟದೊಳಗೆ ತೋರಿಸಬೇಡ' ಎಂದು ಅದರಲ್ಲಿ ಬರೆದಿರುತ್ತದೆ. 2011ರ ಮೇ ತಿಂಗಳಲ್ಲಿ ಬಂದ ವರ್ಡ್‌ಪ್ರೆಸ್ 3.1.3 ಈ ಚೀಟಿಯನ್ನು ಅಡ್ಮಿನ್ ಮತ್ತು ಲಾಗಿನ್ ಪುಟಗಳಿಗೆ ತಾನಾಗಿ ಹಚ್ಚತೊಡಗಿತು. 2017ರ 4.9 ಆವೃತ್ತಿಯಲ್ಲಿ ಇನ್ನೊಂದು ಚೀಟಿ ಸೇರಿತು. ಅಡ್ಮಿನ್ ಪುಟದಿಂದ ಹೊರಗಿನ ಲಿಂಕಿಗೆ ಹೋದಾಗ ಒಳಗಿನ ಪೂರ್ತಿ ವಿಳಾಸ ಹೊರಗಿನವರಿಗೆ ತಿಳಿಯದಂತೆ ತಡೆಯುವ ರೆಫರರ್ ಪಾಲಿಸಿ ಅದು.

ಈ ಚೀಟಿ ಬದಲಿಸಬೇಕೆಂದರೆ ಮೂಲ ಫೈಲನ್ನೇ ತಿದ್ದಬಾರದು. ಮುಂದಿನ ಅಪ್‌ಡೇಟ್ ಬಂದಾಗ ತಿದ್ದಿದ್ದು ಅಳಿಸಿಹೋಗುತ್ತದೆ. ಅದಕ್ಕೇ 'ಹುಕ್' ಇರುವುದು. ಪಹಣಿಯನ್ನು ಕೆರೆದು ತಿದ್ದದೆ ಮ್ಯುಟೇಷನ್ ರಿಜಿಸ್ಟರ್‌ನಲ್ಲಿ ಬರೆದು ಬದಲಾವಣೆ ತರುತ್ತೇವಲ್ಲ, ಅದೇ ರೀತಿ. 'ಅಡ್ಮಿನ್ ಪುಟ ಶುರುವಾಗುವಾಗ ಈ ಕೆಲಸವನ್ನೂ ಮಾಡು' ಎಂದು ಅಡ್ಮಿನ್-ಇನಿಟ್ ಎಂಬ ಹುಕ್ಕಿಗೆ ನಮ್ಮ ಸಾಲನ್ನು ಸಿಕ್ಕಿಸಿದರೆ ಆಯಿತು.

ಆದರೆ ಬೀಗ ಹಾಕುವ ಹುಕ್ಕೇ ಬೀಗ ತೆಗೆಯಲೂ ಬರುತ್ತದೆ. ಎಲ್ಲಿಂದಲೋ ಪುಕ್ಕಟೆ ತಂದ ಪ್ಲಗಿನ್‌ನಲ್ಲಿ ಒಂದೇ ಸಾಲಿದ್ದರೂ ವರ್ಡ್‌ಪ್ರೆಸ್ ಹಚ್ಚಿದ ಚೀಟಿ ಮಾಯ. ಹಾಗೆಂದು ಅತಿ ಬಿಗಿಯೂ ತೊಂದರೆಯೇ. ವರ್ಡ್‌ಪ್ರೆಸ್ ತನ್ನ ಕೆಲವು ಅಡ್ಮಿನ್ ಪುಟಗಳನ್ನು ತನ್ನೊಳಗೇ ತೆರೆಯುತ್ತದೆ. 'ಯಾರೂ ತೆರೆಯಬಾರದು' ಎಂದರೆ ಅವೂ ನಿಲ್ಲುತ್ತವೆ. 'ನಮ್ಮ ಸೈಟಿನೊಳಗೆ ಮಾತ್ರ' ಎಂಬುದೇ ಸರಿಯಾದ ಅಳತೆ.

ಪಹಣಿಯಲ್ಲಿ ಹೆಸರು ತಪ್ಪಿದರೆ ರೈತ ವರ್ಷಗಟ್ಟಲೆ ಅಲೆಯುತ್ತಾನೆ. ನಮ್ಮ ಸುದ್ದಿಯಲ್ಲಿ ಯಾರೋ ಹೆಸರು ತಿರುಚಿದರೆ ಅದು ಸಂಜೆಯೊಳಗೆ ನಿಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿರುತ್ತದೆ. ನಿಮ್ಮ ಶಾಲೆಗೋ ಡೇರಿಗೋ ಸೈಟ್ ಮಾಡಿಕೊಟ್ಟವರನ್ನು ಎರಡು ಮಾತು ಕೇಳಿ: ಒಳಬಾಗಿಲಿಗೆ ಹೆಡರ್ ಇದೆಯೇ? ಅದನ್ನು ಬದಲಿಸಿದವರು ಯಾರು?