ನೊರೆಯಿಲ್ಲದ ಶ್ವಾಸಕೋಶ

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಉಸಿರಾಟವೂ ಕಷ್ಟ, ಬೆಳವಣಿಗೆಯೂ ಕಷ್ಟ. ವೈದ್ಯರು ಮೊದಲು ಕೈಹಾಕಿದ್ದು ಬೆಳವಣಿಗೆಗೆ. 1880ರ ಸುಮಾರಿಗೆ ಪ್ಯಾರಿಸ್‌ನ ಸ್ಟೆಫಾನ್ ತಾರ್ನಿಯೆ ಮೃಗಾಲಯದಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಕಂಡು, ಅಂಥದ್ದನ್ನೇ ಶಿಶುಗಳಿಗೆ ಮಾಡಿಸಿದರು. ಅವರ ಶಿಷ್ಯ ಪಿಯರ್ ಬುದಾಂ ಎದೆಹಾಲು ಕುಡಿಸಿ, ಮತ್ತೆ ಮತ್ತೆ ತೂಕ ನೋಡುವುದನ್ನು ರೂಢಿಗೆ ತಂದರು. ಮೈ ಬೆಚ್ಚಗಿಟ್ಟುಕೊಳ್ಳಲು ವ್ಯಯವಾಗುವ ಶಕ್ತಿ ಉಳಿದರೆ ಮಗು ಮೈದುಂಬಿಕೊಳ್ಳುತ್ತದೆ.

ಉಸಿರಿನ ಗುಟ್ಟನ್ನು ಮಾತ್ರ ಬಹುಕಾಲ ಬಿಡಿಸಲಾಗಲಿಲ್ಲ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮೂಗಿನ ಹೊಳ್ಳೆ ಅರಳುತ್ತದೆ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತದೆ, ಪ್ರತಿ ಉಸಿರಿಗೂ ಮಗು ನರಳುತ್ತದೆ. 1940ರ ದಶಕದಲ್ಲಿ ಇಂಥ ಮಕ್ಕಳಿಗೆ ಆಮ್ಲಜನಕವನ್ನು ಧಾರಾಳವಾಗಿ ಕೊಟ್ಟರು. ಜೀವ ಉಳಿಸಲೆಂದು ಕೊಟ್ಟದ್ದೇ ಸುಮಾರು 10,000 ಮಕ್ಕಳ ಕಣ್ಣು ಕಸಿಯಿತು. ಹೆಚ್ಚಿನ ಆಮ್ಲಜನಕದತ್ತ 1951ರಲ್ಲಿ ಬೆರಳು ತೋರಿದವರು ಮೆಲ್ಬರ್ನ್‌ನ ಕೇಟ್ ಕ್ಯಾಂಪ್‌ಬೆಲ್.

ಮೂಲ ಕಾರಣ ತಿಳಿದದ್ದು 1959ರಲ್ಲಿ. ಉಸಿರಾಡಲಾಗದೆ ತೀರಿಕೊಂಡ ಶಿಶುಗಳ ಶ್ವಾಸಕೋಶದಲ್ಲಿ ಇರಬೇಕಾದ ನೊರೆ ಇಲ್ಲವೆಂಬುದನ್ನು ಮೇರಿ ಎಲೆನ್ ಏವರಿ ಗಮನಿಸಿದರು. ಗಾಳಿಗೂಡುಗಳ ಒಳಮೈ ಸದಾ ಒದ್ದೆ. ನೀರಿನ ಸೆಳೆತಕ್ಕೆ ಗೂಡು ಮುಚ್ಚಿಕೊಳ್ಳದಂತೆ ಜಿಡ್ಡಿನ ತೆಳುಪದರವೊಂದು ತಡೆಯುತ್ತದೆ. ನೊರೆ ನಿಲ್ಲುವುದೂ ಅದರಿಂದಲೇ. ಅದೇ ಸರ್ಫ್ಯಾಕ್ಟೆಂಟ್. ಗರ್ಭದ 34–35ನೇ ವಾರದ ಹೊತ್ತಿಗಷ್ಟೇ ಅದು ಸಾಕಷ್ಟು ಕೂಡಿಬರುತ್ತದೆ. ಅದಿಲ್ಲದ ಮಗುವಿಗೆ ಒಂದೊಂದು ಉಸಿರೂ ಹೊಸ ಬಲೂನನ್ನು ಮೊದಲ ಸಲ ಊದಿದಷ್ಟು ಕಷ್ಟ.

ಕಾರಣ ತಿಳಿದರೂ ಮದ್ದು ಸಿಗಲು ಸಮಯ ಹಿಡಿಯಿತು. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ, ಇದೇ ತೊಂದರೆಯಿಂದ 39 ಗಂಟೆಯಷ್ಟೇ ಬದುಕಿದ. ತೂಕ 2.1 ಕಿಲೋ, ಇಂದಾದರೆ ಆ ತೂಕದ ಮಕ್ಕಳಲ್ಲಿ ಹೆಚ್ಚಿನವರು ಉಳಿಯುತ್ತಾರೆ. 1971ರಲ್ಲಿ ಜಾರ್ಜ್ ಗ್ರೆಗರಿ, ಗೂಡುಗಳು ಮುಚ್ಚದಂತೆ ಸತತ ಒತ್ತಡದಲ್ಲಿ ಗಾಳಿ ಕೊಡುವ ವಿಧಾನ ತಂದರು. ನ್ಯೂಜಿಲೆಂಡ್‌ನ ಗ್ರಹಾಂ ಲಿಗಿನ್ಸ್ ಕುರಿಗಳ ಮೇಲೆ ಹೆರಿಗೆಯ ಪ್ರಯೋಗ ಮಾಡುತ್ತಿದ್ದಾಗ, ಸ್ಟೀರಾಯ್ಡ್ ಪಡೆದ ಎಳೆಮರಿಯ ಶ್ವಾಸಕೋಶ ಗಾಳಿ ತುಂಬಿ ಅರಳಿದ್ದನ್ನು ಕಂಡರು. ಅವಧಿಪೂರ್ವ ಹೆರಿಗೆಯ ಸೂಚನೆಯಿದ್ದ ತಾಯಂದಿರಿಗೆ ಅದೇ ಚುಚ್ಚುಮದ್ದು ಕೊಟ್ಟು, ರಾಸ್ ಹೋವಿಯವರೊಂದಿಗೆ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. 1980ರಲ್ಲಿ ಜಪಾನಿನ ತೆತ್ಸುರೊ ಫುಜಿವಾರ ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟನ್ನು 10 ಶಿಶುಗಳ ಶ್ವಾಸನಾಳಕ್ಕೇ ಹಾಕಿದರು.

ಬದುಕುಳಿದ ಮಕ್ಕಳಲ್ಲಿ ಬೇರೊಂದು ತೊಡಕು ಕಾಣಿಸಿತು. ಯಂತ್ರದ ಒತ್ತಡಕ್ಕೂ ಆಮ್ಲಜನಕಕ್ಕೂ ಗಾಸಿಗೊಂಡ ಶ್ವಾಸಕೋಶದ ಸ್ಥಿತಿಯನ್ನು 1967ರಲ್ಲೇ ವಿಲಿಯಂ ನಾರ್ತ್‌ವೇ ವಿವರಿಸಿದ್ದರು. ಏದುಸಿರಿಗೇ ಶಕ್ತಿ ಕರಗುವ ಇಂಥ ಮಗು, ಹಾಲು ಕುಡಿದರೂ ತೂಕ ಏರುವುದು ನಿಧಾನ.

ಮಗುವನ್ನು ಬೆಚ್ಚಗಿಡಲೂ ಹೊಸ ದಾರಿ ಸಿಕ್ಕಿತು. 1978ರಲ್ಲಿ ಕೊಲಂಬಿಯದ ಬೊಗೊಟಾದಲ್ಲಿ ಕಾವುಪೆಟ್ಟಿಗೆಗಳು ಸಾಲದಾದಾಗ, ಎಡ್ಗರ್ ರೇ ಶಿಶುಗಳನ್ನು ತಾಯಂದಿರ ಎದೆಗೇ ಕೊಟ್ಟರು. ಈ ಕಾಂಗರೂ ಆರೈಕೆ ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ನಡೆದಿದೆ. ತಲೆಗೊಂದು ಟೊಪ್ಪಿ, ಸೊಂಟಕ್ಕೊಂದು ಲಂಗೋಟಿ ಬಿಟ್ಟರೆ ಮಗು ಬರಿಮೈ. ಅಮ್ಮನ ಎದೆಯ ನಡುವೆ ನೆಟ್ಟಗೆ, ಕಾಲುಗಳು ಕಪ್ಪೆಯಂತೆ ಮಡಿಚಿ. ಉಸಿರಿನ ದಾರಿ ತೆರೆದಿರಲೆಂದು ಮುಖ ಒಂದು ಮಗ್ಗುಲಿಗೆ.