ಜೋಡಿ ಕಟ್ಟುವ ಊರು: ಮೈಸೂರು ದಸರಾ ಕುಸ್ತಿಯ ಕಥೆ



ಟಿವಿಯಲ್ಲಿ, ಮೊಬೈಲಿನಲ್ಲಿ ಕುಸ್ತಿ ನೋಡದವರು ನಮ್ಮಲ್ಲಿ ಕಡಿಮೆ. ಆದರೆ ಊಟಿಯಿಂದ ಮಸಿನಗುಡಿ ಅಥವಾ ಗೂಡಲೂರಿನ ದಾರಿ ಹಿಡಿದು, ಬಂಡೀಪುರದ ಕಾಡು ದಾಟಿದರೆ ಸಿಗುವ ಮೈಸೂರಿನ ಕುಸ್ತಿಗೆ ನೂರಾರು ವರ್ಷಗಳ ಚರಿತ್ರೆ ಇದೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲರ ಕಾಳಗವನ್ನು ಕಂಡು ಬರೆದಿದ್ದಾನೆ. ಹಲ್ಲು ಮುರಿಯುವಂಥ, ಕಣ್ಣು ಹೋಗುವಂಥ ಹೊಡೆತಗಳು ಅಲ್ಲಿದ್ದವಂತೆ. ವಿಜಯನಗರದ ಆ ಹಬ್ಬವನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಅದೇ ಮುಂದೆ ಮೈಸೂರು ದಸರಾ ಆಯಿತು. ಇಂದಿಗೂ ವಿಜಯದಶಮಿಯ ದಿನ ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜೆಟ್ಟಿಗಳು ಬೆರಳಿಗೆ ವಜ್ರಮುಷ್ಟಿ ತೊಟ್ಟು ಎದುರಾಗುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಬಂದ ಕ್ಷಣ ಕಾಳಗ ಮುಗಿಯಿತು. ಆಮೇಲೆ ಒಂದು ಏಟೂ ಇಲ್ಲ.

ಊರಿನ ಕುಸ್ತಿಯ ಬೇರು ಗರಡಿಮನೆಯಲ್ಲಿದೆ. ಕೆಂಪು ಮಟ್ಟಿಯಲ್ಲಿ ಸಾಮು ಮಾಡಿದ ಪೈಲ್ವಾನರು ದಸರೆಗೆ ಮುಂಚೆ 'ಜೋಡಿ ಕಟ್ಟುವ' ದಿನ ಸೇರುತ್ತಾರೆ. ಅವರವರ ಮೈಕಟ್ಟು, ಅನುಭವ ನೋಡಿ ಹಿರಿಯರು ಯಾರಿಗೆ ಯಾರು ಎಂದು ಗೊತ್ತು ಮಾಡುತ್ತಾರೆ. ಎದುರಾಳಿಯನ್ನು ನಮ್ಮ ಭಾಷೆ 'ಜೋಡಿ' ಎಂದೇ ಕರೆಯುತ್ತದೆ, ನೋಡಿ! ಬಳಿಕ ದೇವರಾಜ ಅರಸು ಅಖಾಡದಲ್ಲಿ ಪಂದ್ಯಗಳು. ದಸರಾ ಕೇಸರಿ, ದಸರಾ ಕುಮಾರ ಬಿರುದುಗಳ ಜೊತೆ ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಬಿರುದೂ ಇದೆ.

ದೂರದ ಮೆಕ್ಸಿಕೊದಲ್ಲೂ ಇಂಥದೇ ಒಂದು ಜನಪ್ರಿಯ ಪರಂಪರೆ ಉಂಟು. 1933ರಲ್ಲಿ ಸಾಲ್ವಡಾರ್ ಲುಟೆರಾತ್ ಕಟ್ಟಿದ ಸಂಸ್ಥೆ ಪ್ರತಿ ಸೆಪ್ಟೆಂಬರಿನಲ್ಲಿ ವಾರ್ಷಿಕೋತ್ಸವದ ದೊಡ್ಡ ಕುಸ್ತಿ ನಡೆಸುತ್ತದೆ. ಅಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ಆದರೂ ಮುಖವಾಡ ಪಣವಿಟ್ಟ ಪಂದ್ಯವೆಂದರೆ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. 1952ರಲ್ಲಿ 'ಸಂತ' ಎಂಬ ಅರ್ಥದ ಹೆಸರಿನ ಎಲ್ ಸಾಂತೊ, ಬ್ಲ್ಯಾಕ್ ಶಾಡೊನ ಮುಖವಾಡ ಕಳಚಿಸಿದ. ಸೋತವನ ಜೊತೆಗಾರ ಬ್ಲೂ ಡೆಮನ್ ಅದಕ್ಕೆ ಸೇಡು ತೀರಿಸಲು ಹೊರಟ. ಅವರ ಪೈಪೋಟಿ ಮುಂದೆ ದೇಶದ ಮನೆಮಾತಾಯಿತು.

ಅದೇ ನಾಡಿನ ಫಾದರ್ ಸೆರ್ಜಿಯೊ ಗುಟಿಯೆರೆಜ್ ಅನಾಥ ಮಕ್ಕಳನ್ನು ಸಾಕಲು ಹಣವಿಲ್ಲದೆ, ಮುಖವಾಡ ತೊಟ್ಟು 'ಫ್ರೈ ತೊರ್ಮೆಂತಾ' ಎಂಬ ಹೆಸರಿನಲ್ಲಿ ಅಖಾಡಕ್ಕೆ ಇಳಿದರು. ಬೆಳಿಗ್ಗೆ ಬಲಿಪೀಠದ ಮುಂದೆ ನಿಲ್ಲುವ ಯಾಜಕರು, ಆ ಮಕ್ಕಳ ಅನ್ನಕ್ಕಾಗಿ ವರ್ಷಗಟ್ಟಲೆ ಪೆಟ್ಟು ತಿಂದರು.

ಮಿತ್ರರೇ, ನಮ್ಮಲ್ಲೂ ಕ್ರಿಕೆಟ್ ಪಂದ್ಯ, ಗಾಯನ ಸ್ಪರ್ಧೆ ಮುಗಿದ ಮೇಲೆ ತಿಂಗಳುಗಟ್ಟಲೆ ಮಾತು ಬಿಡುವುದುಂಟು. ಪೈಪೋಟಿ ತಪ್ಪಲ್ಲ. ಆದರೆ ಜೆಟ್ಟಿಗಳಿಗೇ ಒಂದು ಹನಿಯಲ್ಲಿ ನಿಲ್ಲಿಸುವುದು ಗೊತ್ತಿರುವಾಗ, ನಾವು ಎಲ್ಲಿ ನಿಲ್ಲಿಸುತ್ತೇವೆ? ಮುಂದಿನ ಪಂದ್ಯಕ್ಕೆ ಎದುರಾಳಿಯನ್ನು ನಮ್ಮ ಜೋಡಿ ಎಂದು ಕರೆದು ನೋಡೋಣ.