ಹಾಲು ಸಾಲದೆಂದು ಹೇಳುವವರು ಯಾರು? ಕರ್ನಾಟಕದಲ್ಲಿ ಮೊದಲ ಆರು ತಿಂಗಳ ಎದೆಹಾಲನ್ನು ನಿರ್ಧರಿಸುವ ಸಂಗತಿಗಳು

ಹುಟ್ಟಿದ ಕೂಸಿಗೆ ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ಬೇರೇನನ್ನೂ, ಒಂದು ಚಮಚ ನೀರನ್ನೂ, ಕೊಡಬಾರದು ಎಂಬುದು ಈಗ ಅಂಗನವಾಡಿಯ ಗೋಡೆಯ ಮೇಲೂ ಓದಸಿಗುವ ಮಾತು. ವಿಶ್ವ ಆರೋಗ್ಯ ಸಭೆ ಈ ಅವಧಿಯನ್ನು ಆರು ತಿಂಗಳೆಂದು ಗೊತ್ತುಮಾಡಿದ್ದು 2001ರಲ್ಲಿ. ಅದಕ್ಕೆ ಮೊದಲು ನಾಲ್ಕರಿಂದ ಆರು ತಿಂಗಳು ಎಂದಿತ್ತು. ಔಷಧಿ, ವಿಟಮಿನ್ ಹನಿ, ಓಆರ್‌ಎಸ್‌ಗಳಿಗೆ ವಿನಾಯಿತಿಯಿದೆ. ಜೇನುತುಪ್ಪ, ಸಕ್ಕರೆ ನೀರು, ಹಸುವಿನ ಹಾಲು, ಗ್ರೈಪ್ ವಾಟರ್‌ಗಳಿಗೆ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲಷ್ಟನ್ನೇ ಕುಡಿಯುವವರು ದೇಶದಲ್ಲಿ 2005-06ರಲ್ಲಿ ಶೇ. 46.4, 2015-16ರಲ್ಲಿ ಶೇ. 54.9, 2019-21ರಲ್ಲಿ ಶೇ. 63.7. ಕರ್ನಾಟಕದ ಅಂಕಿ 2015-16 ಮತ್ತು 2019-21ರ ಸುತ್ತುಗಳ ನಡುವೆ ಶೇ. 54.2ರಿಂದ 61ಕ್ಕೆ ಏರಿದೆ. ಏರಿಕೆ ನಿಜ, ಸಂತೋಷದ್ದೂ ಹೌದು. ಆದರೂ ಹತ್ತರಲ್ಲಿ ನಾಲ್ಕು ಕೂಸುಗಳ ಬಾಯಿಗೆ ಬೇರೆ ಏನೋ ಬೀಳುತ್ತಿದೆ.

ಈ ವಿಷಯ ಕುರಿತ ನಮ್ಮ ಪ್ರಬಂಧಗಳಲ್ಲಿ ಬಹಳಷ್ಟು ತಾಯಿಯ ವಯಸ್ಸು, ಓದು, ತಿಳಿವಳಿಕೆ, ಎಷ್ಟನೆಯ ಹೆರಿಗೆ ಎಂಬ ಕೋಷ್ಟಕದಿಂದ ಶುರುವಾಗಿ, ತಾಯಂದಿರಲ್ಲಿ ಅರಿವು ಮೂಡಿಸಬೇಕು ಎಂಬ ಸಲಹೆಗೆ ಬಂದು ನಿಲ್ಲುತ್ತವೆ. ಅಲ್ಲಿ ಪ್ರಶ್ನೆ ಇರುವುದೂ ತಾಯಿಗೆ, ತಪ್ಪು ಹೊರುವವಳೂ ತಾಯಿ. ನನ್ನ ವಾದ ಬೇರೆ. ತಿಳಿವಳಿಕೆಯ ಕೊರತೆಗಿಂತ ಹೆಚ್ಚಾಗಿ, ಮೂರು ಗಳಿಗೆಗಳಲ್ಲಿ ಅವಳ ಪಕ್ಕದಲ್ಲಿ ಯಾರಿದ್ದರು, ಅವರು ಏನು ಮಾಡಿದರು ಎಂಬುದೇ ಫಲಿತಾಂಶವನ್ನು ನಿರ್ಧರಿಸುತ್ತದೆ: ಹೆರಿಗೆಯ ಮೊದಲ ದಿನಗಳು, ಆರನೆಯ ವಾರದ ಆಸುಪಾಸು, ಕೆಲಸಕ್ಕೆ ಮರಳುವ ದಿನ. ಓದು ಹೆಚ್ಚಿದ ಕಡೆ ಎದೆಹಾಲೂ ಹೆಚ್ಚಬೇಕೆಂಬ ಊಹೆಗೆ ಅಂಕಿಅಂಶದ ಬೆಂಬಲವೂ ಇಲ್ಲ. 2019-21ರ ರಾಷ್ಟ್ರೀಯ ಅಂಕಿಗಳಂತೆ, ಆಸ್ಪತ್ರೆ, ಓದು, ಹಣ ಮೂರೂ ಹೆಚ್ಚಿರುವ ನಗರಗಳಲ್ಲಿ ಈ ಪ್ರಮಾಣ ಶೇ. 59.6 ಇದ್ದರೆ ಹಳ್ಳಿಗಳಲ್ಲಿ ಶೇ. 65.1.

ಅಂಕಿಗಳ ಬಗ್ಗೆ ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಸಮೀಕ್ಷೆ ಕೇಳುವುದು ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕೂಸಿಗೆ ಏನು ಕೊಟ್ಟಿರಿ ಎಂದು. ಹುಟ್ಟಿದ ದಿನ ಜೇನು ನೆಕ್ಕಿಸಿದ್ದು, ಹೋದ ವಾರ ಹಸುವಿನ ಹಾಲು ಕುಡಿಸಿದ್ದು ಈ ಲೆಕ್ಕದಲ್ಲಿ ಮಾಯವಾಗುತ್ತವೆ. ಮೇಲಾಗಿ ಇದು ಹತ್ತು ದಿನದ ಕೂಸನ್ನೂ ಐದು ತಿಂಗಳ ಕೂಸನ್ನೂ ಸೇರಿಸಿ ತೆಗೆದ ಸರಾಸರಿ. ವಯಸ್ಸು ಏರಿದಂತೆ ಪ್ರಮಾಣ ಇಳಿಯುತ್ತ ಹೋಗುತ್ತದೆ. ಆದ್ದರಿಂದ ಶೇ. 61 ಎಂದರೆ ನೂರರಲ್ಲಿ ಅರವತ್ತೊಂದು ಕೂಸುಗಳು ಆರು ತಿಂಗಳು ಮುಟ್ಟಿದವು ಎಂದಲ್ಲ. ನಿಜವಾಗಿ ಮುಟ್ಟಿದವು ಅದಕ್ಕಿಂತ ಕಡಿಮೆ.

ಮೊದಲ ದಿನ

ಕರ್ನಾಟಕದಲ್ಲಿ ಹೆರಿಗೆ ಈಗ ಪೂರ್ತಿ ಎನ್ನುವಷ್ಟು ಆಸ್ಪತ್ರೆಗೆ ಸೇರಿದೆ. 2019-21ರ ಐದನೆಯ ಸಮೀಕ್ಷೆಯಲ್ಲಿ ಶೇ. 97. ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಾಕಬೇಕೆಂಬ ನಿಯಮ ಆಸ್ಪತ್ರೆಗಳದೇ. ಹಾಗಾದರೆ ಮೊದಲ ಗಂಟೆಯಲ್ಲಿ ಹಾಲು ಕುಡಿದ ಮಕ್ಕಳ ಪ್ರಮಾಣ ಏರಬೇಕಿತ್ತು. ಏರಲಿಲ್ಲ, 2015-16ರ ನಾಲ್ಕನೆಯ ಸಮೀಕ್ಷೆಯಲ್ಲಿ ಸುಮಾರು ಶೇ. 56 ಇದ್ದದ್ದು ಐದನೆಯದರಲ್ಲಿ ಸುಮಾರು 49ಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ರಾಜ್ಯದ ಸಿಸೇರಿಯನ್ ಹೆರಿಗೆಗಳು ಶೇ. 23.6ರಿಂದ 31.5ಕ್ಕೆ ಏರಿವೆ. ಎರಡಕ್ಕೂ ನೇರ ಕಾರ್ಯಕಾರಣ ಸಂಬಂಧ ಕಟ್ಟಿಬಿಡುವುದು ಆತುರವಾದೀತು. ಆದರೆ ದಾರಿ ಕಾಣುತ್ತದೆ. ಹೊಲಿಗೆ ಮುಗಿದು ತಾಯಿ ವಾರ್ಡಿಗೆ ಬರುವವರೆಗೆ ಕೂಸು ಬೇರೆ ಕೋಣೆಯಲ್ಲೋ ಅಜ್ಜಿಯ ಮಡಿಲಲ್ಲೋ ಇರುತ್ತದೆ. ತಾಯಿಗೆ ಮಗ್ಗುಲಾಗಲು ಆಗುವುದಿಲ್ಲ. ಕೂಸನ್ನು ಎತ್ತಿ ಎದೆಗೆ ಹಿಡಿದುಕೊಡುವ ಕೈ ಬೇಕು. ಆ ಪಾಳಿಯಲ್ಲಿ ಒಬ್ಬಳೇ ದಾದಿ ಇಡೀ ವಾರ್ಡ್ ನೋಡುತ್ತಿರುತ್ತಾಳೆ. ಸಿಸೇರಿಯನ್ ಆದವರಲ್ಲಿ ಹಾಲು ತುಂಬಿ ಇಳಿಯುವುದು ಸಾಮಾನ್ಯವಾಗಿ ಕೊಂಚ ತಡ. ಅಷ್ಟರಲ್ಲಿ ಯಾರೋ ಪುಡಿ ಹಾಲಿನ ಡಬ್ಬಿ ತರಿಸುತ್ತಾರೆ. ಎದೆಹಾಲಿನ ಬದಲಿ ಆಹಾರಗಳ ಪ್ರಚಾರವನ್ನೂ ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸುವ ಕಾಯ್ದೆ ನಮ್ಮಲ್ಲಿ 1992ರಿಂದ ಇದೆ, 2003ರಲ್ಲಿ ಅದನ್ನು ಬಿಗಿಗೊಳಿಸಿದ್ದೂ ಆಯಿತು. ಆದರೆ ನಡುರಾತ್ರಿ ವಾರ್ಡಿನಲ್ಲಿ ಇನ್ನೊಂದು ಕೈ ಇಲ್ಲದ ಕೊರತೆಯನ್ನು ಕಾಯ್ದೆ ತುಂಬಿಕೊಡಲಾರದು.

ಆಸ್ಪತ್ರೆಯ ರೀತಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಅತ್ಯಂತ ದೊಡ್ಡ ಸಾಕ್ಷ್ಯ ಬೆಲಾರುಸ್‌ನಿಂದ ಬಂದದ್ದು. ಹದಿನೇಳು ಸಾವಿರ ತಾಯಿ-ಮಕ್ಕಳ ಜೋಡಿಗಳನ್ನು ಒಳಗೊಂಡ, ಮೈಕೆಲ್ ಕ್ರೇಮರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಆ ಪ್ರಯೋಗದಲ್ಲಿ, ಸಿಬ್ಬಂದಿಗೆ ತರಬೇತಿ ಕೊಟ್ಟು ಪದ್ಧತಿ ಬದಲಿಸಿದ ಆಸ್ಪತ್ರೆಗಳ ಕೂಸುಗಳಲ್ಲಿ ಶೇ. 43.3 ಮೂರನೆಯ ತಿಂಗಳಲ್ಲಿ ಎದೆಹಾಲಷ್ಟನ್ನೇ ಕುಡಿಯುತ್ತಿದ್ದವು. ಉಳಿದ ಕಡೆ ಶೇ. 6.4 ಮಾತ್ರ. ಎರಡೂ ಕಡೆಯ ತಾಯಂದಿರ ಓದು, ವಯಸ್ಸು ಹೆಚ್ಚುಕಡಿಮೆ ಒಂದೇ.

ಬಾಣಂತನದ ಮನೆ

ಆಸ್ಪತ್ರೆಯಿಂದ ಹೊರಟ ಬಾಣಂತಿ ನಮ್ಮಲ್ಲಿ ಬಹುಮಟ್ಟಿಗೆ ತವರಿಗೆ ಬರುತ್ತಾಳೆ, ಚೊಚ್ಚಲಾದರಂತೂ ಖಂಡಿತ. ಬಾಣಂತನವನ್ನು ಮೂಢನಂಬಿಕೆಗಳ ಕಂತೆ ಎಂದು ತಳ್ಳಿಹಾಕುವ ಬರಹಗಳನ್ನು ನಾನು ಒಪ್ಪುವುದಿಲ್ಲ. ತಾಯಿಯನ್ನು ಮನೆಗೆಲಸದಿಂದ ಬಿಡಿಸಿ, ಎಣ್ಣೆ ನೀರು ಹಾಕಿ, ಬಿಸಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ ಕೊಟ್ಟು, ಕೂಸಿನೊಂದಿಗೆ ಒಂದು ಕೋಣೆಯಲ್ಲಿ ಮಲಗಿಸುವ ಏರ್ಪಾಡು ಎದೆಹಾಲಿಗೆ ಹೇಳಿಮಾಡಿಸಿದ್ದು. ಇಂಥ ವಿಶ್ರಾಂತಿ ಸಿಗದ ದೇಶಗಳ ತಾಯಂದಿರು ಇದನ್ನು ಕಂಡು ಹೊಟ್ಟೆಕಿಚ್ಚುಪಟ್ಟಾರು. ಅದೇ ಕೋಣೆಯಲ್ಲಿ ಕೆಲವು ತೊಡಕುಗಳೂ ಇವೆ, ನಿಜ. ಹಸು ಕರು ಹಾಕಿದಾಗ ಗಿಣ್ಣಿನ ಹಾಲನ್ನು ಅಕ್ಕರೆಯಿಂದ ಕಾಯಿಸಿ ನೆರೆಮನೆಗೂ ಹಂಚುವ ಮನೆಯಲ್ಲೇ ತಾಯಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿದ್ದುಂಟು. ಶೀತವಾದೀತೆಂದು ಬಾಣಂತಿಗೆ ನೀರನ್ನೇ ಅಳೆದು ಕೊಡುವುದುಂಟು.

ಎರಡನೆಯ ರಾತ್ರಿಯನ್ನು ಹತ್ತಿರದಿಂದ ನೋಡೋಣ. ಮೊದಲ ದಿನವೆಲ್ಲ ಮಲಗಿದ್ದ ಕೂಸು ಈಗ ಗಂಟೆಗೊಮ್ಮೆ ಅಳುತ್ತದೆ, ಎದೆ ಬಿಟ್ಟರೆ ಮತ್ತೆ ಅಳುತ್ತದೆ. ಎದೆ ಇನ್ನೂ ಮೆತ್ತಗಿದೆ. ಹಿಂಡಿದರೆ ನಾಲ್ಕು ಹನಿ. ಆ ಹೊತ್ತಿನ ಕೂಸಿಗೆ ಒಂದು ಸಲಕ್ಕೆ ಬೇಕಾದದ್ದೂ ಕೆಲವೇ ಮಿಲಿಲೀಟರ್ ಎಂಬುದು ಕೋಣೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ‘ಹಾಲೇ ಇಲ್ಲ ಕಣೆ, ಮಗು ಹಸಿದಿದೆ’ ಎಂಬ ಮಾತು ತಾಯಿಯದಲ್ಲ. ಅದು ಅಮ್ಮನದು, ಅತ್ತೆಯದು, ನೋಡಲು ಬಂದ ಚಿಕ್ಕಮ್ಮನದು. ಬೆಳ್ಳಿಯ ಒಳಲೆ ಹೊರಬರುತ್ತದೆ, ಕಾಯಿಸಿದ ಹಸುವಿನ ಹಾಲಿಗೆ ನೀರು ಬೆರೆಯುತ್ತದೆ. ಹೊಟ್ಟೆ ತುಂಬಿದ ಕೂಸು ಮೂರು ಗಂಟೆ ನಿದ್ದೆ ಮಾಡುತ್ತದೆ. ಇದರಿಂದ ಎಲ್ಲರಿಗೂ ರುಜುವಾತು ಸಿಕ್ಕಂತಾಯಿತು: ಹಸಿದೇ ಇತ್ತು. ಆದರೆ ಆ ಮೂರು ಗಂಟೆ ಎದೆಯನ್ನು ಯಾರೂ ಚೀಪಲಿಲ್ಲ. ಚೀಪಿದಷ್ಟೇ ಹಾಲು ಕಟ್ಟುವ ದೇಹಧರ್ಮದಲ್ಲಿ ಚೀಪದ ಗಂಟೆಗಳು ಮುಂದಿನ ದಿನಗಳ ಹಾಲನ್ನು ತಗ್ಗಿಸುತ್ತವೆ. ಮುಂಚೆ ಸುಳ್ಳಾಗಿದ್ದ ಮಾತು ಹೀಗೆ ನಿಜವಾಗುತ್ತ ಹೋಗುತ್ತದೆ.

ನೀರಿನ ವಿಷಯವೂ ಹಾಗೆಯೇ. ಏಪ್ರಿಲ್-ಮೇ ತಿಂಗಳ ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಕೂಸಿಗೆ ಗುಟುಕು ನೀರು ಕೊಡದಿರುವುದು ಹಿರಿಯರ ಕಣ್ಣಿಗೆ ಕ್ರೌರ್ಯ. ಎದೆಹಾಲಿನ ಶೇ. 87ಕ್ಕೂ ಹೆಚ್ಚು ಭಾಗ ನೀರೇ. ಬೇಸಿಗೆಯಲ್ಲೂ ಹೊರಗಿನ ನೀರು ಬೇಕಿಲ್ಲ ಎಂದು ಎಚ್.ಪಿ.ಎಸ್. ಸಚ್‌ದೇವ್ ಮತ್ತು ಸಂಗಡಿಗರು ನಮ್ಮ ದೇಶದ ಕೂಸುಗಳಲ್ಲೇ ಪರೀಕ್ಷಿಸಿ 1991ರಲ್ಲಿ ‘ಲ್ಯಾನ್ಸೆಟ್’ನಲ್ಲಿ ತೋರಿಸಿದರು. ಈ ಸಂಗತಿಯನ್ನು ಆರೋಗ್ಯ ಕಾರ್ಯಕರ್ತೆ ಹೇಳುವುದು ತಾಯಿಗೆ. ನೀರು ಕುಡಿಸುವ ಕೈ ಅಜ್ಜಿಯದು.

ಆರನೆಯ ವಾರ

ನನಗೆ ಅತಿ ಮುಖ್ಯವೆನಿಸುವ ಗಳಿಗೆ ಇದು. ಇಲ್ಲಿ ಮೂರು ಸಂಗತಿಗಳು ಒಟ್ಟಿಗೆ ಬಂದು ಸೇರುತ್ತವೆ. ಕೂಸುಗಳ ಅಳು ಸಹಜವಾಗಿಯೇ ಆರನೆಯ ವಾರದ ಹೊತ್ತಿಗೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಅದೇ ಸುಮಾರಿಗೆ ತಾಯಿಯ ಎದೆಯ ಮೊದಲಿನ ಬಿಗುಪು ಹೋಗಿ ಮೆತ್ತಗಾಗುತ್ತದೆ. ಇದು ಬೇಡಿಕೆಗೂ ಪೂರೈಕೆಗೂ ಹೊಂದಿಕೆಯಾದ ಲಕ್ಷಣ, ಆದರೆ ಮನೆಯವರು ಓದುವುದು ಹಾಲು ಬತ್ತಿತು ಎಂದು. ಮೂರನೆಯದು ಆಡಳಿತದ್ದು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಬೇಕಾದ ದಿನಗಳು 3, 7, 14, 21, 28, 42. ನಲವತ್ತೆರಡಕ್ಕೆ ಆ ಸರಣಿ ಮುಗಿಯುತ್ತದೆ. ಮುಂದಿನ ಭೇಟಿ ಮೂರನೆಯ ತಿಂಗಳಲ್ಲಿ, ಬೇರೆ ಕಾರ್ಯಕ್ರಮದ ಲೆಕ್ಕದಲ್ಲಿ. ಅಳು ಹೆಚ್ಚಿ, ಎದೆ ಮೆತ್ತಗಾಗಿ, ಸಂದೇಹ ಬಲಿತ ಹೊತ್ತಿಗೇ ‘ಇದು ಸಹಜ, ಕೂಸು ದಿನಕ್ಕೆ ಆರು ಸಲ ಉಚ್ಚೆ ಹೊಯ್ಯುತ್ತಿದೆ, ತೂಕ ಏರುತ್ತಿದೆ, ಹಾಲು ಸಾಲುತ್ತಿದೆ’ ಎಂದು ಮನೆಯವರೆದುರು ಹೇಳಬಲ್ಲ ಹೆಂಗಸು ಬರುವುದನ್ನು ನಿಲ್ಲಿಸುತ್ತಾಳೆ.

ಇಂಥ ಹೆಂಗಸು ಬರುತ್ತಲೇ ಇದ್ದರೆ? ಢಾಕಾದಲ್ಲಿ ರುಖ್ಸಾನಾ ಹೈದರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದೇ ಬಡಾವಣೆಗಳ ತಾಯಂದಿರಿಗೆ ತರಬೇತಿ ಕೊಟ್ಟು, ಬಸುರಿಯಿದ್ದಾಗಿನಿಂದ ಹಿಡಿದು ಕೂಸಿಗೆ ಐದು ತಿಂಗಳಾಗುವವರೆಗೆ ಮತ್ತೆ ಮತ್ತೆ ಇತರ ತಾಯಂದಿರ ಮನೆಗೆ ಕಳಿಸಿದರು. ಐದನೆಯ ತಿಂಗಳಲ್ಲಿ ಭೇಟಿ ಪಡೆದವರ ಪೈಕಿ ಶೇ. 70, ಪಡೆಯದವರಲ್ಲಿ ಶೇ. 6 ಎದೆಹಾಲಷ್ಟನ್ನೇ ಕೊಡುತ್ತಿದ್ದರು. ಹರಿಯಾಣದ ಹಳ್ಳಿಗಳಲ್ಲಿ ನೀತಾ ಭಂಡಾರಿ ಮತ್ತು ಸಂಗಡಿಗರು ಹೊಸಬರನ್ನು ನೇಮಿಸದೆ, ಇದ್ದ ಅಂಗನವಾಡಿ ಕಾರ್ಯಕರ್ತೆಯರು, ದಾಯಿಗಳು, ದಾದಿಯರಿಗೇ ತರಬೇತಿ ಕೊಟ್ಟರು; 2003ರ ಆ ವರದಿಯಲ್ಲಿ ಮೂರನೆಯ ತಿಂಗಳ ಪ್ರಮಾಣ ಶೇ. 79, ಹೋಲಿಕೆಯ ಹಳ್ಳಿಗಳಲ್ಲಿ ಶೇ. 48. ಈ ತಾಯಂದಿರ ಬಡತನವೂ ಓದೂ ಪ್ರಯೋಗದಿಂದ ಬದಲಾಗಿರಲಿಲ್ಲ.

ಕೆಲಸಕ್ಕೆ ಮರಳುವ ದಿನ

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಇಪ್ಪತ್ತಾರು ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಇಪ್ಪತ್ತಾರು ವಾರ ಎಂದರೆ ಆರು ತಿಂಗಳು, ಲೆಕ್ಕ ಸರಿಯಾಯಿತಲ್ಲ ಎನ್ನಿಸಬಹುದು. ಆದರೆ ಅದರಲ್ಲಿ ಎಂಟು ವಾರಗಳವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ನಿಂತು ಮಾಡುವ ಕೆಲಸದವಳು ತೆಗೆದುಕೊಳ್ಳದೆ ಬೇರೆ ದಾರಿಯಿಲ್ಲ. ಉಳಿಯುವುದು ಹದಿನೆಂಟು ವಾರ, ನಾಲ್ಕು ತಿಂಗಳು. ಮೂರನೆಯ ಮಗುವಾದರೆ ಒಟ್ಟು ರಜೆಯೇ ಹನ್ನೆರಡು ವಾರ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುವವಳಿಗೆ ಇಷ್ಟಾದರೂ ಕಾಯ್ದೆಯ ಆಸರೆಯಿದೆ. ಕಳೆ ಕೀಳುವವಳಿಗೆ, ಮನೆಗೆಲಸದವಳಿಗೆ, ಬೀಡಿ ಸುತ್ತುವವಳಿಗೆ ರಜೆ ಎಂದರೆ ಕೂಲಿ ಇಲ್ಲದ ದಿನ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಐದು ಸಾವಿರ ರೂಪಾಯಿ ಎಷ್ಟು ದಿನದ ಕೂಲಿ ಎಂದು ಯಾರಾದರೂ ಭಾಗಿಸಿ ನೋಡಬಹುದು.

ಕೂಸನ್ನು ಕೆಲಸದ ಜಾಗಕ್ಕೆ ಹತ್ತಿರ ಇಟ್ಟರೆ ಸಾಲದೇ? ಪಾಲನಾ ಹೆಸರಿನ ಕೇಂದ್ರ ಸರ್ಕಾರದ ಶಿಶುಪಾಲನಾ ಕೇಂದ್ರಗಳು ಸೇರಿಸಿಕೊಳ್ಳುವುದು ಆರು ತಿಂಗಳಿಂದ ಆರು ವರ್ಷದ ಮಕ್ಕಳನ್ನು. ಒಂದು ಇಲಾಖೆ ಆರು ತಿಂಗಳು ಎದೆಹಾಲಷ್ಟೇ ಕೊಡಿ ಎನ್ನುತ್ತದೆ, ಇನ್ನೊಂದು ವ್ಯವಸ್ಥೆ ಆರು ತಿಂಗಳಾದ ಮೇಲೆ ಬನ್ನಿ ಎನ್ನುತ್ತದೆ. ಎರಡು ತಿಂಗಳ ಕೂಸಿನ ಕೂಲಿಯಾಳು ತಾಯಿ ಈ ನಡುವೆ ಬೀಳುತ್ತಾಳೆ. ಅವಳ ಕೂಸು ಅಜ್ಜಿಯ ಬಳಿಯೋ ಅಕ್ಕನ ಸೊಂಟದ ಮೇಲೋ ಉಳಿಯುತ್ತದೆ, ಬಾಟಲಿಯೊಂದಿಗೆ.

ಮುಂದಿನ ಅಧ್ಯಯನಗಳಿಗೆ ನನ್ನ ಸೂಚನೆ ಇದು. ತಾಯಿಗೆ ಎಷ್ಟು ತಿಳಿದಿದೆ ಎಂದು ಅಂಕ ಹಾಕುವ ಪ್ರಶ್ನಾವಳಿಯನ್ನು ಪಕ್ಕಕ್ಕಿಟ್ಟು, ಎದೆಹಾಲಲ್ಲದ ಮೊದಲ ಗುಟುಕು ಯಾವ ದಿನ ಬಿತ್ತು, ಯಾರು ಕೊಟ್ಟರು, ಏಕೆ, ಆಗ ತಾಯಿ ಎಲ್ಲಿದ್ದಳು ಎಂದು ಕೇಳಬೇಕು. ಜಿಲ್ಲಾ ಮಟ್ಟದಲ್ಲಿ ಆರು ತಿಂಗಳೊಳಗಿನ ಮಕ್ಕಳ ಮಾದರಿ ಚಿಕ್ಕದು. ರಾಷ್ಟ್ರೀಯ ಸಮೀಕ್ಷೆ ಹಲವೆಡೆ ಅಂಕಿಯನ್ನು ಆವರಣದೊಳಗೆ ಇಟ್ಟೇ ಮುದ್ರಿಸುತ್ತದೆ. ಆ ಕೊರತೆಯನ್ನು ತುಂಬಲು ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಯ ದಿನಗಳಿವೆ. ಬಹುತೇಕ ಎಲ್ಲ ತಾಯಂದಿರೂ, ಜೊತೆಗೆ ಅಜ್ಜಿಯರೂ, ಅಂದು ತಾವಾಗಿ ಬಂದು ಸಾಲಿನಲ್ಲಿ ಕೂತಿರುತ್ತಾರೆ. ಹತ್ತನೆಯ ವಾರದ ಚುಚ್ಚುಮದ್ದಿನ ಹೊತ್ತಿಗೆ ಕೂಸನ್ನು ತೂಗಿ, ತಾಯಿ ಹಾಲು ಕುಡಿಸುವುದನ್ನು ಕೂತು ನೋಡಿ, ಅಜ್ಜಿಯೊಂದಿಗೆ ಮಾತಾಡಲು ಒಬ್ಬ ಆಶಾ ಕಾರ್ಯಕರ್ತೆಗೆ ಹತ್ತು ನಿಮಿಷದ ಸಮಯವನ್ನೂ ಅದಕ್ಕೆ ತಕ್ಕ ಗೌರವಧನವನ್ನೂ ಕೊಡುವುದು ಒಂದು ತಾಲ್ಲೂಕಿನಲ್ಲಿ ನಾಳೆಯೇ ಶುರುಮಾಡಬಹುದಾದ ಪ್ರಯೋಗ.